ಟೋಂಗಾ 2022: ಇದ್ದ ಒಂದೇ ಕೇಬಲ್ ತುಂಡಾದಾಗ

ಇಂಟರ್ನೆಟ್, ಫೋನ್ ಹೊರುವ ಸಮುದ್ರದೊಳಗಿನ ಕೇಬಲ್ ತುಂಡಾಯಿತು ಅಂತ ಸುದ್ದಿ ಬಂದರೆ ಎಲ್ಲರೂ ಕೇಳುವುದು ಒಂದೇ ಮಾತು. ರಿಪೇರಿ ಯಾವಾಗ ಮುಗಿಯುತ್ತದೆ? ನೆಟ್‌ವರ್ಕ್ ನಡೆಸುವವರ ಮುಂದೆ ಅದಕ್ಕೂ ಮೊದಲು ಇನ್ನೊಂದು ಕೆಲಸ ಬಂದು ಕೂತಿರುತ್ತದೆ. ಉಳಿದಿರುವ ಚೂರುಪಾರು ಸಾಮರ್ಥ್ಯವನ್ನು ಯಾರಿಗೆ ಕೊಡಬೇಕು, ಯಾರಿಗೆ ಇಲ್ಲ ಅನ್ನಬೇಕು? ಸೇವೆ ವಾಪಸ್ ತರುವುದು ಒಂದು ಕೆಲಸ, ಕೇಬಲ್ ಜೋಡಿಸುವುದು ಇನ್ನೊಂದು. ದೊಡ್ಡ ದೇಶಗಳಲ್ಲಿ ಇವೆರಡೂ ಕಲಸಿಕೊಂಡು ಬಿಡುತ್ತವೆ. ಹತ್ತು ಕೇಬಲ್ ಇರುವ ಕಡೆ ಒಂದು ಹೋದರೆ ಟ್ರಾಫಿಕ್ ಪಕ್ಕದ ದಾರಿ ಹಿಡಿಯುತ್ತದೆ, ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಟೋಂಗಾದಲ್ಲಿ ಹಾಗಿರಲಿಲ್ಲ. ಅಲ್ಲಿ ಹೊರಜಗತ್ತಿಗೆ ಇದ್ದದ್ದು ಒಂದೇ ಕೇಬಲ್, 2022ರ ಜನವರಿಯಲ್ಲಿ ಜ್ವಾಲಾಮುಖಿ ಸ್ಫೋಟಿಸಿದಾಗ ಅದೂ ತುಂಡಾಯಿತು. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡಬೇಕು ಅನ್ನಿಸಿತು.

ಮೊದಲು ಜಾಗದ ಪರಿಚಯ. ಟೋಂಗಾ ದಕ್ಷಿಣ ಪೆಸಿಫಿಕ್‌ನ ಪುಟ್ಟ ರಾಜ್ಯ. ಸುಮಾರು 170 ದ್ವೀಪಗಳಿವೆ, ಜನ ವಾಸ ಮಾಡುವುದು ಮೂವತ್ತಾರರಲ್ಲಿ. ಒಟ್ಟು ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಹೆಚ್ಚಿನವರು ಇರುವುದು ಟೋಂಗಾಟಾಪು ಅನ್ನುವ ಮುಖ್ಯ ದ್ವೀಪದಲ್ಲಿ, ರಾಜಧಾನಿ ನುಕುಅಲೋಫಾ ಕೂಡ ಅಲ್ಲೇ. ಉತ್ತರಕ್ಕೆ ಹೋದರೆ ಹಾಪೈ ದ್ವೀಪಗಳು, ಇನ್ನೂ ಮೇಲೆ ವಾವಾವು.

2013ರವರೆಗೆ ಈ ದೇಶ ಹೊರಗಿನ ಸಂಪರ್ಕಕ್ಕೆ ಉಪಗ್ರಹವನ್ನೇ ನಂಬಿಕೊಂಡಿತ್ತು. ಆ ವರ್ಷ ವಿಶ್ವ ಬ್ಯಾಂಕ್ ಮತ್ತು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನಿಂದ ಫಿಜಿಯ ಸುವಾದಿಂದ ನುಕುಅಲೋಫಾವರೆಗೆ 827 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಕೇಬಲ್ ಬಂತು. ಸುವಾದಲ್ಲಿ ಅದು ಆಸ್ಟ್ರೇಲಿಯಾ, ಅಮೆರಿಕ ಕಡೆ ಹೋಗುವ ದೊಡ್ಡ ಕೇಬಲ್‌ಗೆ ಸೇರಿಕೊಳ್ಳುತ್ತದೆ. 2018ರಲ್ಲಿ ಟೋಂಗಾಟಾಪುವಿನಿಂದ ಹಾಪೈ ಮತ್ತು ವಾವಾವುಗೆ ಒಳನಾಡಿನ ಕೇಬಲ್ ಹಾಕಿದರು. ಅಲ್ಲಿಗೆ ಎಲ್ಲವೂ ಫೈಬರ್ ಮೇಲೆ. ಉಪಗ್ರಹದ ಡಿಶ್‌ಗಳು ಮೂಲೆ ಸೇರಿದವು. ಯಾವ ಕಂಪನಿಯಾದರೂ ಹಾಗೇ ಮಾಡುತ್ತದೆ, ಅಲ್ವಾ? ಬಳಸದ ಉಪಗ್ರಹ ಸಾಮರ್ಥ್ಯಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ಯಾವ ಲೆಕ್ಕಾಧಿಕಾರಿಗೂ ಇಷ್ಟವಾಗುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಟೋಂಗಾದ ಮನೆಗಳು ನಡೆಯುವುದೇ ಬಹುಪಾಲು ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕದಲ್ಲಿರುವ ನೆಂಟರು ಕಳಿಸುವ ಹಣದಿಂದ. ದೇಶದ ಒಟ್ಟು ಉತ್ಪನ್ನದ ಸುಮಾರು 40 ಶೇಕಡಾದಷ್ಟು ಅದೇ ಆಗುತ್ತದೆ, ಜಗತ್ತಿನಲ್ಲೇ ಅತಿ ಹೆಚ್ಚು ಅನ್ನಬಹುದಾದ ಪ್ರಮಾಣ. ಆ ಹಣ ಬರುವ ದಾರಿಯೂ ಇದೇ ಕೇಬಲ್.

2019ರಲ್ಲೇ ಒಂದು ಪಾಠ ಆಗಿತ್ತು

2019ರ ಜನವರಿ 20ರಂದು ಈ ಕೇಬಲ್ ಒಮ್ಮೆ ತುಂಡಾಗಿತ್ತು. ಹಡಗಿನ ಲಂಗರು ಎಳೆದುಕೊಂಡು ಹೋಗಿರಬೇಕು ಅಂತ ಅನುಮಾನ. ಸುಮಾರು ಎರಡು ವಾರ ದೇಶ ಹೆಚ್ಚುಕಡಿಮೆ ಕತ್ತಲಲ್ಲಿತ್ತು. ಪುಟ್ಟ ಉಪಗ್ರಹ ಸಂಪರ್ಕ ಒಂದನ್ನು ಹೊಂದಿಸಿಕೊಂಡು, ಅದರಲ್ಲಿ ಬ್ಯಾಂಕು, ಸರ್ಕಾರ, ವಿಮಾನದ ಬುಕಿಂಗ್ ಇಂಥವಕ್ಕೆ ಮೊದಲ ಜಾಗ ಕೊಟ್ಟರು. ಫೇಸ್‌ಬುಕ್ಕು, ಟ್ವಿಟರ್‌ನಂಥವನ್ನು ತಡೆದಿಟ್ಟರು. ಜನ ಬೈದುಕೊಂಡರು. ಆದರೆ ತಾಂತ್ರಿಕವಾಗಿ ಅದು ಸರಿಯಾದ ನಿರ್ಧಾರ.

ಅದಾದ ಮೇಲೆ ಸರ್ಕಾರ ಒಂದು ಉಪಗ್ರಹ ಕಂಪನಿಯ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡಿತು. ಕೇಬಲ್ ಹೋದರೆ ಕೂಡಲೇ ಉಪಗ್ರಹಕ್ಕೆ ಹಾರಬೇಕು ಅನ್ನುವ ಲೆಕ್ಕ. ಆಮೇಲೆ ಎರಡೂ ಕಡೆಯವರ ನಡುವೆ ತಕರಾರು ಶುರುವಾಗಿ ವಿಷಯ ಕಾನೂನಿನ ಮೆಟ್ಟಿಲು ಹತ್ತಿತು. 2022ರ ಜನವರಿಯಲ್ಲಿ ಆ ಬದಲಿ ವ್ಯವಸ್ಥೆ ಕಾಗದದ ಮೇಲಿತ್ತು, ಛಾವಣಿಯ ಮೇಲಿರಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಅರ್ಧ ಭಾಗ ಜ್ವಾಲಾಮುಖಿಗೂ ಮೊದಲೇ, ಈ ಮೂರು ವರ್ಷದಲ್ಲಿ ತೀರ್ಮಾನವಾಗಿತ್ತು.

ಜನವರಿ 15

2022ರ ಜನವರಿ 15, ಶನಿವಾರ ಸಂಜೆ ಐದು ಗಂಟೆ ದಾಟಿ ಕಾಲು ಗಂಟೆ ಆಗಿರಬೇಕು. ನುಕುಅಲೋಫಾದಿಂದ ಸುಮಾರು 65 ಕಿಲೋಮೀಟರ್ ಉತ್ತರಕ್ಕಿರುವ ಹುಂಗಾ ಟೋಂಗಾ-ಹುಂಗಾ ಹಾಪೈ ಜ್ವಾಲಾಮುಖಿ ಸ್ಫೋಟಿಸಿತು. ಸದ್ದು ಸಾವಿರಾರು ಕಿಲೋಮೀಟರ್ ದೂರದ ಅಲಾಸ್ಕಾದಲ್ಲೂ ಕೇಳಿಸಿತು. ಸುನಾಮಿ ಬಂತು, ಬೂದಿ ಸುರಿಯಿತು.

ಸ್ಫೋಟವಾಗಿ ಕಾಲು ಗಂಟೆಯ ಹೊತ್ತಿಗೆ ಒಳನಾಡಿನ ಕೇಬಲ್ ಸತ್ತಿತು. ಫಿಜಿಗೆ ಹೋಗುವ ಕೇಬಲ್ ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತು ಬದುಕಿತ್ತು. ಆ ಒಂದು ಗಂಟೆಯಲ್ಲಿ ಟೋಂಗಾದ ಜನ ಸುನಾಮಿಯ ವಿಡಿಯೋ ಹಾಕಿದರು, ಹೊರದೇಶದ ಮಕ್ಕಳಿಗೆ ಫೋನ್ ಮಾಡಿದರು. ಆಮೇಲೆ ಪಟ್ಟನೆ ಎಲ್ಲ ನಿಂತಿತು. ಇಂಟರ್ನೆಟ್ ಟ್ರಾಫಿಕ್ ಅಳೆಯುವ ಸಂಸ್ಥೆಗಳ ಗ್ರಾಫ್‌ನಲ್ಲಿ ಟೋಂಗಾದ ಗೆರೆ ಸೊನ್ನೆಗೆ ಬಂದು ಮಲಗಿತು.

ಸುನಾಮಿಯಿಂದ ಕೇಬಲ್ ಹರಿಯಿತು ಅಂತ ಆಗ ತುಂಬಾ ಜನ ಅಂದುಕೊಂಡರು. ನಿಜವಾದ ಕಾರಣ ಬೇರೆ. ಆಕಾಶಕ್ಕೆ ಹಾರಿದ ಬೂದಿ ಮತ್ತು ಕಲ್ಲಿನ ಕಂಬ ಕುಸಿದು ನೇರವಾಗಿ ಸಮುದ್ರಕ್ಕೆ ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲಲಿಲ್ಲ. ಜ್ವಾಲಾಮುಖಿಯ ಕಡಿದಾದ ಇಳಿಜಾರಿನಲ್ಲಿ ನೀರಿನಡಿ ಹರಿಯಿತು, ತಳದ ಮಣ್ಣನ್ನು ಕೊಚ್ಚಿಕೊಂಡು ಇನ್ನೂ ದಪ್ಪವಾಗುತ್ತಾ ಹೋಯಿತು. 2023ರಲ್ಲಿ ಪ್ರಕಟವಾದ ಸಂಶೋಧನೆ ಪ್ರಕಾರ ಈ ಪ್ರವಾಹದ ವೇಗ ಗಂಟೆಗೆ 122 ಕಿಲೋಮೀಟರ್‌ವರೆಗೆ ಇತ್ತು, ಹರಿದ ದೂರ 100 ಕಿಲೋಮೀಟರ್‌ಗೂ ಜಾಸ್ತಿ. ವೇಗ ಗೊತ್ತಾದದ್ದು ಹೇಗೆ ಅಂದರೆ ಕೇಬಲ್‌ಗಳಿಂದಲೇ. ಯಾವ ಕೇಬಲ್ ಯಾವ ನಿಮಿಷಕ್ಕೆ ಸತ್ತಿತು, ಅದು ಎಷ್ಟು ದೂರದಲ್ಲಿತ್ತು ಅನ್ನುವುದು ಗೊತ್ತಿದ್ದರೆ ಭಾಗಾಕಾರ ಮಾಡಿದರಾಯಿತು. 1929ರಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡ್ ಹತ್ತಿರ ಭೂಕಂಪವಾಗಿ ಅಟ್ಲಾಂಟಿಕ್‌ನ 12 ಟೆಲಿಗ್ರಾಫ್ ಕೇಬಲ್‌ಗಳು ಒಂದಾದ ಮೇಲೊಂದು ತುಂಡಾಗಿದ್ದವು. ಅಲ್ಲೂ 1952ರಲ್ಲಿ ವಿಜ್ಞಾನಿಗಳು ಇದೇ ಲೆಕ್ಕ ಹಾಕಿ ಸಮುದ್ರದಡಿಯ ಪ್ರವಾಹದ ವೇಗ ಹೇಳಿದ್ದರು. ಸತ್ತ ಕೇಬಲ್ ಒಳ್ಳೇ ಗಡಿಯಾರ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಳನಾಡಿನ ಕೇಬಲ್ಲು, ಹೊರನಾಡಿನ ಕೇಬಲ್ಲು ಎರಡು ಬೇರೆ ವ್ಯವಸ್ಥೆ ಅಂತ ನಕ್ಷೆಯಲ್ಲಿ ಕಾಣುತ್ತವೆ. ಎರಡಕ್ಕೂ ಕೆಟ್ಟದ್ದು ಮಾಡಬಹುದಾದ ಬೆಟ್ಟ ಮಾತ್ರ ಒಂದೇ. ಬ್ಯಾಕಪ್ ಬಗ್ಗೆ ಮಾತಾಡುವಾಗ ಕೇಬಲ್‌ಗಳನ್ನು ಎಣಿಸುತ್ತೇವೆ, ಅವು ಯಾವುದರಿಂದ ಒಟ್ಟಿಗೆ ಸಾಯಬಹುದು ಅಂತ ಎಣಿಸುವುದಿಲ್ಲ.

ಮೊದಲ ವಾರ: ಕೈಗೆ ಸಿಕ್ಕಿದ್ದರಲ್ಲಿ

ಟೋಂಗಾಟಾಪು ಒಳಗಿನ ಫೋನ್‌ಗಳು ಬೇಗ ಮರಳಿದವು. ಎಕ್ಸ್‌ಚೇಂಜು, ಟವರು, ದ್ವೀಪದೊಳಗಿನ ಲೈನು ಇವಕ್ಕೆ ಸಮುದ್ರದ ಕೇಬಲ್ ಬೇಕಾಗಿಲ್ಲ, ಕರೆಂಟು ಇದ್ದರೆ ಸಾಕು. ಆದರೆ ಪಕ್ಕದ ಬೀದಿಯಲ್ಲಿರುವವರಿಗೆ ವಾಟ್ಸಾಪ್ ಮೆಸೇಜ್ ಹೋಗುತ್ತಿರಲಿಲ್ಲ. ಮೆಸೇಜ್ ಪಕ್ಕದ ಬೀದಿಗೆ ಹೋಗಬೇಕಾದರೂ ಹೊರದೇಶದ ಸರ್ವರ್ ಮುಟ್ಟಿ ಬರಬೇಕಲ್ಲ. ಇವತ್ತು ನಾವು ಫೋನ್ ಅಂದುಕೊಂಡಿರುವುದರಲ್ಲಿ ಎಷ್ಟು ಭಾಗ ನಿಜಕ್ಕೂ ಊರೊಳಗೆ ನಡೆಯುತ್ತದೆ ಅನ್ನುವುದು ಇಂಥ ಹೊತ್ತಲ್ಲೇ ಗೊತ್ತಾಗುವುದು.

ಹೊರಗಿನ ಲೋಕಕ್ಕೆ ಮೊದಲ ದಿನಗಳಲ್ಲಿ ಇದ್ದದ್ದು ಕೆಲವೇ ಸ್ಯಾಟಲೈಟ್ ಫೋನ್. ರಾಯಭಾರ ಕಚೇರಿಗಳು, ಕೆಲವು ಸಂಸ್ಥೆಗಳ ಬಳಿ ಇದ್ದಂಥವು. ಆಕಾಶದಲ್ಲೂ ಬೂದಿ, ಡಿಶ್ ಮೇಲೂ ಬೂದಿ ಇದ್ದುದರಿಂದ ಅವೂ ಸರಿಯಾಗಿ ಸಿಗುತ್ತಿರಲಿಲ್ಲ. ಹೊರ ದ್ವೀಪಗಳಿಗೆ ಏನಾಗಿದೆ ಅಂತ ತಿಳಿಯಲು ಟೋಂಗಾ ನೌಕಾಪಡೆ ದೋಣಿ ಕಳಿಸಬೇಕಾಯಿತು, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ವಿಮಾನದಿಂದ ಫೋಟೋ ತೆಗೆದವು. ಹಾಪೈ ಗುಂಪಿನ ಮ್ಯಾಂಗೋ ದ್ವೀಪದಲ್ಲಿ ಒಂದು ಮನೆಯೂ ಉಳಿದಿರಲಿಲ್ಲ. ಆ ಸುದ್ದಿ ಜಗತ್ತಿಗೆ ಬರಲು ದಿನಗಳೇ ಹಿಡಿದವು.

ಜನವರಿ 19ರ ಹೊತ್ತಿಗೆ ಮೊದಲ ನಿಜವಾದ ಸುಧಾರಣೆ. ಡಿಜಿಸೆಲ್ ಅನ್ನುವ ಮೊಬೈಲ್ ಕಂಪನಿ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್‌ನ ಸ್ಥಳೀಯ ಕ್ಯಾಂಪಸ್ಸಿನಲ್ಲಿದ್ದ ಉಪಗ್ರಹ ಡಿಶ್ ಬಳಸಿ 2ಜಿ ಸೇವೆ ಶುರುಮಾಡಿತು. ಹತ್ತಾರು ದ್ವೀಪ ದೇಶಗಳಲ್ಲಿ ಚದುರಿರುವ ಈ ವಿಶ್ವವಿದ್ಯಾಲಯಕ್ಕೆ ದೂರಶಿಕ್ಷಣಕ್ಕಾಗಿ ಸ್ವಂತ ಉಪಗ್ರಹ ಸಂಪರ್ಕ ಮೊದಲಿಂದಲೂ ಇತ್ತು. ಅಂದರೆ ದೇಶದ ಫೋನನ್ನು ಎಬ್ಬಿಸಿದ್ದು ಟೆಲಿಕಾಂ ಯೋಜನೆಯಲ್ಲಿ ಯಾರೂ ಬ್ಯಾಕಪ್ ಅಂತ ಬರೆದಿಡದ ಒಂದು ಕಾಲೇಜಿನ ಡಿಶ್!

ಯಾಕೆ 2ಜಿ? ಸುಮ್ನೆ ಹಳೇದು ಅಂತ ಅಲ್ಲ. 2ಜಿಯಲ್ಲಿ ಒಂದು ವಾಯ್ಸ್ ಕಾಲ್‌ಗೆ ಸೆಕೆಂಡಿಗೆ ಸುಮಾರು 13 ಕಿಲೋಬಿಟ್ ಸಾಕು. ಒಬ್ಬರು ಒಳ್ಳೇ ಗುಣಮಟ್ಟದ ವಿಡಿಯೋ ನೋಡುವಷ್ಟು ಜಾಗದಲ್ಲಿ ನೂರಾರು ಜನ ಮಾತಾಡಬಹುದು. 4ಜಿ ಬಿಟ್ಟರೆ ಏನಾಗುತ್ತದೆ? ಪ್ರತಿ ಸ್ಮಾರ್ಟ್‌ಫೋನು ಸಿಗ್ನಲ್ ಕಂಡ ಕೂಡಲೇ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ನೋಟಿಫಿಕೇಶನ್ ಅಂತ ತಾನಾಗಿಯೇ ಎಳೆಯಲು ಶುರುಮಾಡುತ್ತದೆ. ಮಾಲೀಕ ಏನೂ ಮಾಡದಿದ್ದರೂ ಸರಿ. ಪುಟ್ಟ ಉಪಗ್ರಹ ಲಿಂಕ್ ಅಷ್ಟರಲ್ಲೇ ತುಂಬಿಹೋಗುತ್ತದೆ, ಯಾರ ಕಾಲೂ ಹೋಗುವುದಿಲ್ಲ. ತಂತ್ರಜ್ಞಾನವನ್ನೇ ಹಿಂದಕ್ಕೆ ಇಳಿಸಿದರೆ ಆ ಹಸಿವು ತಾನಾಗಿ ನಿಲ್ಲುತ್ತದೆ. 2019ರಲ್ಲಿ ಫೇಸ್‌ಬುಕ್ ತಡೆದು ಮಾಡಿದ ಕೆಲಸವನ್ನು ಈ ಸಲ 2ಜಿಯೇ ಮಾಡಿತು, ಯಾರನ್ನೂ ಹೆಸರು ಹಿಡಿದು ತಡೆಯದೆ.

ಒಳಗೆ ಬರುವ ಕಾಲ್‌ಗಳದ್ದು ಬೇರೆ ಗೋಳು. ಆಕ್ಲೆಂಡ್, ಸಿಡ್ನಿ, ಸಾಲ್ಟ್ ಲೇಕ್ ಸಿಟಿಯಲ್ಲಿರುವ ಟೋಂಗಾದವರೆಲ್ಲ ಒಟ್ಟಿಗೆ ಮನೆಗೆ ಡಯಲ್ ಮಾಡುತ್ತಿದ್ದಾರೆ. ಸಿಗದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ. ಇಂಥ ಹೊತ್ತಲ್ಲಿ ಕಾಲ್‌ಗಳನ್ನು ಹೊರಟ ಕಡೆಯೇ ತಡೆದು, ಇಷ್ಟು ಸೆಕೆಂಡಿಗೆ ಇಷ್ಟೇ ಅಂತ ಬಿಡುವುದು ನೆಟ್‌ವರ್ಕ್‌ನವರ ಹಳೇ ವಿದ್ಯೆ. ತಡೆಯದಿದ್ದರೆ ಕಾಲ್ ಜೋಡಿಸುವ ಸಂಕೇತಗಳೇ ಲಿಂಕ್ ತುಂಬಿಸಿಬಿಡುತ್ತವೆ.

ಇನ್ನು ಹಣ. ಕೇಬಲ್ ಹೋದ ಮೇಲೆ ಹೊರದೇಶದಿಂದ ದುಡ್ಡು ಕಳಿಸಿದರೂ ಇಲ್ಲಿ ಅದನ್ನು ದೃಢಪಡಿಸಿ ಕೊಡಲು ಲೈನಿಲ್ಲ. ಮನೆ ಕೊಚ್ಚಿಹೋದ ವಾರದಲ್ಲೇ ನೆಂಟರ ದುಡ್ಡು ಕೈಗೆ ಬರುವ ದಾರಿ ಮುಚ್ಚಿದ್ದು. ಹಾಗಾಗಿ ಆದ್ಯತೆಯ ಪಟ್ಟಿಯಲ್ಲಿ ಆಸ್ಪತ್ರೆ, ವಿಪತ್ತು ನಿರ್ವಹಣೆಯ ಜೊತೆಗೇ ಬ್ಯಾಂಕು ಮತ್ತು ಹಣ ರವಾನೆಯ ಕೌಂಟರ್‌ಗಳೂ ಕೂರುತ್ತವೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಟೋಂಗಾದ ಲೆಕ್ಕ ಗೊತ್ತಿದ್ದರೆ ಅನ್ನಿಸುವುದಿಲ್ಲ.

ಜನವರಿ 20ಕ್ಕೆ ವಿಮಾನ ನಿಲ್ದಾಣದ ರನ್‌ವೇ ಮೇಲಿನ ಬೂದಿ ಗುಡಿಸಿ ಮುಗಿಯಿತು. ಜನ ಸಲಿಕೆ, ತಳ್ಳುಗಾಡಿ ಹಿಡಿದು ಗುಡಿಸಿದ್ದು. ನೀರು, ಟಾರ್ಪಾಲುಗಳ ಜೊತೆ ಸಂಪರ್ಕ ಸಾಧನಗಳೂ ವಿಮಾನದಲ್ಲಿ ಬಂದವು. ಆ ಹೊತ್ತಿಗೆ ಟೋಂಗಾದಲ್ಲಿ ಕೋವಿಡ್ ಇನ್ನೂ ಹರಡಿರಲಿಲ್ಲ, ಹಾಗಾಗಿ ಸಹಾಯಕ್ಕೆ ಬಂದವರು ಯಾರನ್ನೂ ಮುಟ್ಟದೆ ಸಾಮಾನು ಇಳಿಸಿ ಹೋಗಬೇಕಿತ್ತು. ಡಿಶ್ ನಿಲ್ಲಿಸಲು ಬರುವ ಪರಿಣಿತರಿಗೂ ಅದೇ ಅಡ್ಡಿ. ಕೊನೆಗೆ ಫೆಬ್ರವರಿ 2ರಿಂದ ಅಲ್ಲಿ ಲಾಕ್‌ಡೌನ್ ಬಂತು. ಇಂಟರ್ನೆಟ್ ಇಲ್ಲದ ಲಾಕ್‌ಡೌನ್ ಹೇಗಿರುತ್ತದೆ ಅಂತ ಯೋಚನೆ ಮಾಡಿ.

ಹಡಗು

ಇತ್ತ ಕೇಬಲ್ ಕಂಪನಿ ಪರೀಕ್ಷೆ ಶುರುಮಾಡಿತ್ತು. ದಡದಿಂದ ಫೈಬರ್ ಒಳಗೆ ಬೆಳಕಿನ ಒಂದು ಮಿಡಿತ ಕಳಿಸುತ್ತಾರೆ. ತುಂಡಾದ ಕಡೆ ಬೆಳಕು ವಾಪಸ್ ಬರುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ನುಕುಅಲೋಫಾದಿಂದ ಸುಮಾರು 37 ಕಿಲೋಮೀಟರ್ ಅಂತ ಬಂತು. ಅಂದರೆ ಆ ಮಿಡಿತ ಹೋಗಿ ಬರಲು ತೆಗೆದುಕೊಂಡದ್ದು ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ.

ಈ ಪರೀಕ್ಷೆಗೆ ಒಂದು ದೊಡ್ಡ ಮಿತಿ ಇದೆ. ಈ ದಡದಿಂದ ನೋಡಿದರೆ ಈ ಕಡೆಯ ಮೊದಲ ತುಂಡು ಮಾತ್ರ ಕಾಣುತ್ತದೆ. ಅದರಾಚೆ ಇನ್ನೊಂದು ತುಂಡಾಗಿದೆಯೋ, ಹತ್ತು ಆಗಿದೆಯೋ, ಬೆಳಕಿಗೆ ಗೊತ್ತಿಲ್ಲ. ಶುರುವಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಹೊರನಾಡಿನ ಕೇಬಲ್‌ನಲ್ಲಿ ಒಂದು ತುಂಡು, ಒಳನಾಡಿನದರಲ್ಲಿ ಒಂದು ತುಂಡು ಅಂತ. ಕನಿಷ್ಠ ನಾಲ್ಕು ವಾರ ಬೇಕು ಅನ್ನುವ ಅಂದಾಜೂ ಆ ಹೊತ್ತಿನದೇ.

ಆ ಭಾಗದ ಸಮುದ್ರಕ್ಕೆ ಮೀಸಲಾಗಿದ್ದ ರಿಪೇರಿ ಹಡಗಿನ ಹೆಸರು ರಿಲಯನ್ಸ್. ನಮ್ಮವರಿಗೆ ಆ ಹೆಸರು ಕೇಳಿದರೆ ಬೇರೇನೋ ನೆನಪಾಗುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಮೆರಿಕದ ಸಬ್‌ಕಾಮ್ ಕಂಪನಿಯದು. ಹಡಗು ಆಗ ಪಪುವಾ ನ್ಯೂಗಿನಿಯ ಪೋರ್ಟ್ ಮೊರೆಸ್ಬಿಯಲ್ಲಿತ್ತು, 4 ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ನೇರವಾಗಿ ಬರುವ ಹಾಗೂ ಇರಲಿಲ್ಲ. ಮೊದಲು ಸಮೋವಾದ ಅಪಿಯಾಕ್ಕೆ ಹೋಗಿ ಅಲ್ಲಿನ ಡಿಪೋದಿಂದ ಸ್ಪೇರ್ ಕೇಬಲ್, ಉಪಕರಣ ತುಂಬಿಕೊಂಡು ಬರಬೇಕು. ದಕ್ಷಿಣ ಪೆಸಿಫಿಕ್‌ನ ಕೇಬಲ್ ಮಾಲೀಕರೆಲ್ಲ ಸೇರಿ ಒಂದು ಹಡಗು, ಒಂದು ಡಿಪೋ ಅಂತ ದುಡ್ಡು ಹಂಚಿಕೊಂಡು ಇಟ್ಟುಕೊಂಡಿರುವ ಏರ್ಪಾಡು ಅದು. ಪ್ರತಿಯೊಬ್ಬರೂ ಸ್ವಂತ ಹಡಗು ಇಟ್ಟುಕೊಳ್ಳಲು ಸಾಧ್ಯವಿಲ್ಲ. ಲೆಕ್ಕಕ್ಕೆ ಇದು ಸರಿ. ಆದರೆ ಕೇಬಲ್ ತುಂಡಾದ ದಿನ ಹಡಗು ಎಲ್ಲಿರುತ್ತದೋ ಅಲ್ಲಿಂದಲೇ ನಿಮ್ಮ ಕ್ಯಾಲೆಂಡರ್ ಶುರು.

ಫೆಬ್ರವರಿ ಶುರುವಿನಲ್ಲಿ ಕೆಲಸ ಆರಂಭವಾಯಿತು. ಕೇಬಲ್ ರಿಪೇರಿ ಹಡಗಿನ ಕೆಲಸ ನೂರು ವರ್ಷದ ಹಿಂದೆ ಹೇಗಿತ್ತೋ ಹೆಚ್ಚುಕಡಿಮೆ ಈಗಲೂ ಹಾಗೇ ಇದೆ. ಕೊಕ್ಕೆ ಕಟ್ಟಿದ ಹಗ್ಗವನ್ನು ತಳಕ್ಕೆ ಇಳಿಸಿ, ಕೇಬಲ್ ಇರಬಹುದಾದ ದಾರಿಗೆ ಅಡ್ಡವಾಗಿ ನಿಧಾನಕ್ಕೆ ಎಳೆಯುತ್ತಾರೆ. ಹಗ್ಗದ ಬಿಗಿ ಏರಿದರೆ ಏನೋ ಸಿಕ್ಕಿದೆ ಅಂತ ಅರ್ಥ. ಆಳದ ಕೇಬಲ್ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ ಅನ್ನುವುದನ್ನು ನೆನಪಿಡಿ. ಒಂದು ತುದಿ ಮೇಲೆ ಬಂದ ಮೇಲೆ ಅದರಿಂದ ದಡದವರೆಗೆ ಸರಿ ಇದೆಯಾ ಅಂತ ಪರೀಕ್ಷಿಸುತ್ತಾರೆ. ಸರಿ ಇದ್ದರೆ ತುದಿಗೆ ಮುಚ್ಚಳ ಹಾಕಿ, ಬೋಯ್ ಅನ್ನುವ ತೇಲುಗುಂಡು ಕಟ್ಟಿ ತೇಲಿಬಿಟ್ಟು, ಇನ್ನೊಂದು ತುದಿ ಹುಡುಕಲು ಹೋಗುತ್ತಾರೆ. ಎರಡೂ ಸಿಕ್ಕಮೇಲೆ ನಡುವೆ ಹೊಸ ಕೇಬಲ್ ಸೇರಿಸುತ್ತಾರೆ. ಕೂದಲೆಳೆಯಂಥ ಫೈಬರ್‌ಗಳನ್ನು ಒಂದೊಂದಾಗಿ ಬಿಸಿಯಲ್ಲಿ ಬೆಸೆದು, ಸುತ್ತಲೂ ತಾಮ್ರ, ಪ್ಲಾಸ್ಟಿಕ್ ಪದರಗಳನ್ನು ಮತ್ತೆ ಕಟ್ಟಿ, ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಕಷ್ಟ. ನಡುವೆ ಬೆಳಕು ವರ್ಧಿಸುವ ಪೆಟ್ಟಿಗೆಗಳಿಗೆ ದಡದಿಂದ ಸಾವಿರಾರು ವೋಲ್ಟ್ ಕರೆಂಟ್ ಅದೇ ಕೇಬಲ್‌ನಲ್ಲಿ ಹರಿಯುತ್ತದೆ, ನೀರು ಒಳಗೆ ಬಂದರೆ ಕಥೆ ಮುಗಿಯಿತು. ಒಂದು ಜೋಡಣೆಗೇ ಹತ್ತಾರು ಗಂಟೆ ಹಿಡಿಯುತ್ತದೆ. ಈ ಹೊತ್ತಲ್ಲಿ ಹಡಗು ಅಲುಗಾಡದೆ ಒಂದೇ ಕಡೆ ನಿಂತಿರಬೇಕು. ಜನವರಿಯಿಂದ ಮಾರ್ಚ್‌ವರೆಗೆ ಆ ಕಡೆ ಚಂಡಮಾರುತದ ಕಾಲ ಬೇರೆ.

ಟೋಂಗಾದಲ್ಲಿ ತೊಂದರೆಯಾದದ್ದು ಜೋಡಣೆಯಲ್ಲಿ ಅಲ್ಲ, ಹುಡುಕಾಟದಲ್ಲಿ. ಕೊಕ್ಕೆ ಎಳೆಯುವುದು ಹಳೇ ನಕ್ಷೆ ನಂಬಿಕೊಂಡು. ಆದರೆ ಕೇಬಲ್ ಇದ್ದ ಜಾಗದಲ್ಲಿ ಇರಲಿಲ್ಲ. ಒಂದು ತುಂಡು ಸುಮಾರು 5 ಕಿಲೋಮೀಟರ್ ದೂರ ಸರಿದು ಕೆಸರಿನಡಿ ಹೂತಿತ್ತು. ನಕ್ಷೆಯಲ್ಲಿದ್ದ ಸಮುದ್ರದ ತಳವೇ ಬದಲಾಗಿತ್ತು. ಆಮೇಲೆ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ಸಂಶೋಧನಾ ಹಡಗು ಹೋಗಿ ಅಳೆದಾಗ ಕನಿಷ್ಠ 9.5 ಘನ ಕಿಲೋಮೀಟರ್ ಕಲ್ಲು ಮಣ್ಣು ಜಾಗ ಬದಲಿಸಿದೆ ಅಂತ ಗೊತ್ತಾಯಿತು. ಫೆಬ್ರವರಿಯಲ್ಲಿ ರಿಲಯನ್ಸ್ ಸಿಬ್ಬಂದಿಗೆ ಈ ಯಾವ ಅಳತೆಯೂ ಇರಲಿಲ್ಲ. ಒಂದು ತುಂಡು ಅಂದುಕೊಂಡು ಬಂದವರಿಗೆ ಕೇಬಲ್ ಹಲವು ಕಡೆ ಹರಿದಿರುವುದು, ಉದ್ದಕ್ಕೂ ಹಾಳಾಗಿರುವುದು ಕಂಡಿತು. ಕೊನೆಗೆ 20 ದಿನದ ಕೆಲಸದಲ್ಲಿ 92 ಕಿಲೋಮೀಟರ್ ಹೊಸ ಕೇಬಲ್ ಹಾಕಬೇಕಾಯಿತು. 827ರಲ್ಲಿ 92! ಸಾಮಾನ್ಯವಾಗಿ ಲಂಗರಿನಿಂದ ತುಂಡಾದ ಕೇಬಲ್‌ಗೆ ಸೇರಿಸುವುದು ಕೆಲವೇ ಕಿಲೋಮೀಟರ್.

ಫೆಬ್ರವರಿ 22ರಂದು ಟೋಂಗಾಟಾಪು ಮತ್ತೆ ಫೈಬರ್ ಮೇಲೆ ಬಂತು. ತುಂಡಾಗಿ 38 ದಿನ.

ಡಿಪೋ ಖಾಲಿ

ಬಹಳ ಕಡೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಹಾಪೈ ಮತ್ತು ವಾವಾವು ಜನರಿಗೆ ಫೆಬ್ರವರಿ 22ರಂದು ಏನೂ ಬದಲಾಗಲಿಲ್ಲ. ಒಳನಾಡಿನ ಕೇಬಲ್ ಜ್ವಾಲಾಮುಖಿಗೆ ಇನ್ನೂ ಹತ್ತಿರ ಹಾದುಹೋಗಿತ್ತು. ಅದರಲ್ಲಿ ನೂರು ಕಿಲೋಮೀಟರ್‌ಗೂ ಜಾಸ್ತಿ ಹಾಳಾಗಿತ್ತು, ಬಹುಭಾಗ ಆಳವಾಗಿ ಹೂತುಹೋಗಿತ್ತು. ಅದಕ್ಕೆ ಹಾಕಲು ಸಾಕಾಗುವಷ್ಟು ಸ್ಪೇರ್ ಕೇಬಲ್ ಉಳಿದಿರಲಿಲ್ಲ.

ಸಮುದ್ರದ ಕೇಬಲ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಫೈಬರ್ ಜಾತಿ ಹೊಂದಬೇಕು, ಆಳಕ್ಕೆ ತಕ್ಕ ಕವಚ ಬೇಕು. ದೊಡ್ಡ ದೊಡ್ಡ ಕಂಪನಿಗಳು ಸಾವಿರಾರು ಕಿಲೋಮೀಟರ್ ಆರ್ಡರ್ ಕೊಟ್ಟು ಸಾಲಲ್ಲಿ ನಿಂತಿರುವಾಗ ನೂರು ಕಿಲೋಮೀಟರ್ ಕೇಳುವ ಗಿರಾಕಿಯ ಸರದಿ ಬೇಗ ಬರುವುದಿಲ್ಲ. ಆಮೇಲೆ ಹಡಗು ಸಿಗಬೇಕು. ಮೊದಲು ಆರರಿಂದ ಒಂಬತ್ತು ತಿಂಗಳು ಅಂದಿದ್ದರು. ಒಳನಾಡಿನ ಕೇಬಲ್ ಮತ್ತೆ ಜೀವ ಪಡೆದದ್ದು 2023ರ ಜುಲೈನಲ್ಲಿ, ಒಂದೂವರೆ ವರ್ಷದ ಮೇಲೆ. ಅಷ್ಟು ದಿನ ಹೊರ ದ್ವೀಪಗಳು ಉಪಗ್ರಹದ ಮೇಲೆ ನಡೆದವು.

ಅದಕ್ಕೇ ನಾನು ಹೇಳುವುದು, ಯಾವುದಾದರೂ ನೆಟ್‌ವರ್ಕ್ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಎಷ್ಟು ಗಿಗಾಬಿಟ್ ಅಂತ ಕೇಳಬೇಡಿ. ಡಿಪೋದಲ್ಲಿ ಎಷ್ಟು ಕಿಲೋಮೀಟರ್ ಸ್ಪೇರ್ ಇದೆ, ಅದು ಇನ್ನೆಷ್ಟು ಜನರ ಜೊತೆ ಹಂಚಿಕೆಯಲ್ಲಿದೆ, ಹಡಗು ಎಷ್ಟು ದಿನದ ದೂರದಲ್ಲಿದೆ ಅಂತ ಕೇಳಿ. ಟೋಂಗಾದವರನ್ನು ದೂರುವುದು ಸುಲಭ. ಆದರೆ ಒಂದು ಲಕ್ಷ ಜನರ ದೇಶ ನೂರು ಕಿಲೋಮೀಟರ್ ಕೇಬಲ್ ಖರೀದಿಸಿ ಸುಮ್ಮನೆ ಸುತ್ತಿಟ್ಟಿರಬೇಕಿತ್ತು ಅಂತ 2021ರಲ್ಲಿ ಯಾರಾದರೂ ಹೇಳಿದ್ದರೆ ಅಲ್ಲಿನ ಸಂಸತ್ತು ನಕ್ಕುಬಿಡುತ್ತಿತ್ತು. ಉಪಗ್ರಹದ ವಿಷಯ ಹಾಗಲ್ಲ. 2019ರಲ್ಲಿ ಏಟು ತಿಂದಮೇಲೂ ತಕರಾರು ಬಗೆಹರಿಸದೆ ಬಿಟ್ಟದ್ದು ತಪ್ಪೇ.

ನಮ್ಮ ಕಡೆಗೂ ಇದು ಅಷ್ಟೇನೂ ದೂರದ ಮಾತಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಎರಡು ಕೇಬಲ್ ತುಂಡಾದಾಗ ಭಾರತದ ಹೊರಗಿನ ಸಂಪರ್ಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಬೆಂಗಳೂರಿನ ಕಾಲ್ ಸೆಂಟರ್‌ಗಳವರಿಗೆ ಆ ವಾರ ನೆನಪಿರಬಹುದು. ಆಗ ಟ್ರಾಫಿಕ್ಕನ್ನು ಪೂರ್ವದ ಕಡೆಯಿಂದ, ಪೆಸಿಫಿಕ್ ದಾಟಿಸಿ ತಿರುಗಿಸಿದರು. ದಾರಿ ಇತ್ತು, ತಿರುಗಿಸಿದರು. ಅಂಡಮಾನ್‌ಗೆ 2020ರಲ್ಲಿ, ಲಕ್ಷದ್ವೀಪಕ್ಕೆ 2024ರ ಜನವರಿಯಲ್ಲಿ ಕೇಬಲ್ ಬಂತು. ಅದಕ್ಕೂ ಮೊದಲು ಅವೂ ಉಪಗ್ರಹವನ್ನೇ ನಂಬಿದ್ದವು. ಅಲ್ಲಿನ ಹಳೇ ಡಿಶ್‌ಗಳನ್ನು ಯಾರೂ ಬಿಚ್ಚದಿದ್ದರೆ ಒಳ್ಳೆಯದು. ಭಾರತದ ಸಮುದ್ರಕ್ಕೆ ನಮ್ಮದೇ ಧ್ವಜದ ರಿಪೇರಿ ಹಡಗು ಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರ ಜೂನ್‌ನಲ್ಲಿ ಶಿಫಾರಸು ಮಾಡಿದ್ದೂ ಹೊರಗಿನ ಹಡಗಿಗೆ ಕಾಯುವ ಇದೇ ಕಷ್ಟಕ್ಕೆ.

ಟೋಂಗಾದಲ್ಲಿ ಆಮೇಲೆ ಏನಾಯಿತು? 2022ರ ಫೆಬ್ರವರಿ ಮಧ್ಯದಲ್ಲೇ ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ನ 50 ಟರ್ಮಿನಲ್‌ಗಳು, ಅಂದರೆ ಪುಟ್ಟ ಡಿಶ್‌ಗಳು, ಬಂದವು, ಫಿಜಿಯಲ್ಲಿ ಅದಕ್ಕೊಂದು ನೆಲಕೇಂದ್ರ ನಿಲ್ಲಿಸಿದರು. ಹಳೇ ಉಪಗ್ರಹಗಳು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಕೂತಿರುವುದರಿಂದ ಕಾಲ್‌ನಲ್ಲಿ ಅರ್ಧ ಸೆಕೆಂಡು ತಡವಾಗುತ್ತದೆ. ಸ್ಟಾರ್‌ಲಿಂಕ್ ಉಪಗ್ರಹಗಳು 550 ಕಿಲೋಮೀಟರ್ ಎತ್ತರದಲ್ಲೇ ಓಡಾಡುತ್ತವೆ, ಆ ತಡ ಇರುವುದಿಲ್ಲ. ಜನರಿಗೆ ಇಷ್ಟವಾಯಿತು. ಲೈಸೆನ್ಸ್ ಇಲ್ಲದೆಯೇ ಬಳಸುವವರು ಹೆಚ್ಚಾದರು, 2024ರಲ್ಲಿ ಸರ್ಕಾರ ನಿಲ್ಲಿಸಿ ಅಂದಿತು. ಅದೇ ಆಸುಪಾಸಿನಲ್ಲಿ, ಜೂನ್ 29ರಂದು, ಭೂಕಂಪವಾಗಿ ಒಳನಾಡಿನ ಕೇಬಲ್ ಮತ್ತೆ ತುಂಡಾಯಿತು! ಹಾಪೈ, ವಾವಾವು ಮತ್ತೆ ಹೊರಗೆ. ಸರ್ಕಾರ ತಾತ್ಕಾಲಿಕ ಅನುಮತಿ ಕೊಟ್ಟು ಸ್ಟಾರ್‌ಲಿಂಕನ್ನು ಒಳಗೆ ಬಿಟ್ಟುಕೊಂಡಿತು. 2022ರಲ್ಲಿ ಡಿಶ್ ಹುಡುಕಲು ನಾಲ್ಕು ದಿನ ಹಿಡಿದಿತ್ತು. ಈ ಸಲ ಡಿಶ್ ಆಗಲೇ ಮನೆಗಳ ಮೇಲಿತ್ತು, ಬೇಕಾದದ್ದು ಒಂದು ಸಹಿ.

ಆಮೇಲೆ ಎರಡನೇ ಹೊರನಾಡಿನ ಕೇಬಲ್‌ಗೂ ಯೋಜನೆ ಹಾಕಿದರು. ಆಸ್ಟ್ರೇಲಿಯಾದಿಂದ ಅಮೆರಿಕಕ್ಕೆ ಹೋಗುವ ಹವೈಕಿ ಕೇಬಲ್‌ನಿಂದ ಒಂದು ಕವಲು ತೆಗೆದು ಟೋಂಗಾಕ್ಕೆ ತರುವುದು. ಯೋಜನೆಯ ಪ್ರಕಾರ ಅದು ದಡ ಸೇರುವುದು ನುಕುಅಲೋಫಾದಲ್ಲಿ ಅಲ್ಲ, ವಾವಾವುನಲ್ಲಿ, ಜ್ವಾಲಾಮುಖಿಯ ಇನ್ನೊಂದು ಬದಿಗೆ. ಹಾಗಾದರೆ ಒಳನಾಡಿನ ಕೇಬಲ್ಲಿನ ನಡು ಭಾಗ ಮತ್ತೆ ಹರಿದರೂ ಉತ್ತರದವರಿಗೆ ಒಂದು ದಾರಿ, ದಕ್ಷಿಣದವರಿಗೆ ಒಂದು ದಾರಿ ಉಳಿಯುತ್ತದೆ.